ಮೇಷ್ಟ್ರು ಕೊಟ್ಟ ಚಿಕ್ಕ ಪುಸ್ತಕ

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ಹಳೆಯ ಪೆಟ್ಟಿಗೆ ತೆಗೆದೆ. ಅಂಗೈಯಷ್ಟಿರುವ ಆ ಪುಸ್ತಕ ಇನ್ನೂ ಇತ್ತು. ಪುಟಗಳ ತುಂಬಾ ಪೆನ್ಸಿಲ್ ಚುಕ್ಕಿ. ಒಂದು ಪುಟದಲ್ಲಿ ಮಾತ್ರ ರಬ್ಬರ್ ಉಜ್ಜಿ ಕಾಗದ ಸವೆದಿದೆ.

ಒಂಬತ್ತನೇ ತರಗತಿಯಲ್ಲಿ ನಾನು ಯಾರನ್ನೂ ಪೂರ್ತಿ ಮಾತಾಡಲು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನಿಗೆ ಉಗ್ಗು. ಅವನು ಎದ್ದು ಉತ್ತರ ಶುರುಮಾಡಿದರೆ, ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಸಹಾಯ ಮಾಡ್ತಿದ್ದೀನಿ ಅಂತಲೇ ಅಂದುಕೊಂಡಿದ್ದೆ. ಅವನು ಸುಮ್ನೆ ಕೂತುಬಿಡುತ್ತಿದ್ದ. ಆಗ ಅವನ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಮೇಷ್ಟ್ರು ನೋಡಿದ್ದರು. ಬೈಯಲಿಲ್ಲ. ಕ್ಲಾಸ್ ಬಿಟ್ಟ ಮೇಲೆ ಕರೆದು ಅಮೆರಿಕದ ಹೆಸರಾಂತ ನಾಯಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಕಥೆ ಹೇಳಿದರು. ಅವರು 13 ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಹಿಡಿದು, ತಪ್ಪಿದಾಗೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕಿ ಇಡುತ್ತಿದ್ದರಂತೆ. ವರ್ಷಕ್ಕೆ 4 ಸುತ್ತು. ಪಟ್ಟಿಯಲ್ಲಿ ಎರಡನೆಯದೇ ಮೌನ. ಮೊದಲು ಇದ್ದದ್ದು 12. ಜನ ನಿನ್ನನ್ನು ಜಂಬದವನು ಅಂದುಕೊಂಡಿದ್ದಾರೆ ಎಂದು ಗೆಳೆಯರೊಬ್ಬರು ಹೇಳಿದ ಮೇಲೆ ವಿನಯವೂ ಸೇರಿತು.

“ಅಷ್ಟು ದೊಡ್ಡವರಿಗೂ ಇನ್ನೊಬ್ಬರು ಹೇಳಬೇಕಾಯ್ತು ನೋಡು. ನಿನಗೆ 13 ಬೇಡ, ಒಂದೇ ಸಾಕು. ಬೇರೆಯವರ ಮಾತಿಗೆ ಅಡ್ಡ ಬಾಯಿ ಹಾಕಿದಾಗೆಲ್ಲ ಒಂದು ಚುಕ್ಕಿ ಇಡು.”

ಮೊದಲ ದಿನವೇ 23 ಚುಕ್ಕಿ! ತನ್ನಲ್ಲಿ ಅಂದುಕೊಂಡದ್ದಕ್ಕಿಂತ ಜಾಸ್ತಿ ತಪ್ಪುಗಳಿವೆ ಎಂದು ಫ್ರಾಂಕ್ಲಿನ್‌ಗೂ ಆಶ್ಚರ್ಯವಾಗಿತ್ತಂತೆ. ಆದರೆ ನನಗೆ ಹೆದರಿಕೆ. ವಾರದ ಕೊನೆಗೆ ಮೇಷ್ಟ್ರಿಗೆ ತೋರಿಸಬೇಕಲ್ಲ ಅಂತ ರಬ್ಬರಿನಿಂದ ಉಜ್ಜಿ ನಾಲ್ಕೇ ಉಳಿಸಿದೆ. ಅವರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಳಿಸಿದ ಒಂದೊಂದು ಚುಕ್ಕಿಯ ಗುಳಿಯೂ ಕಾಣುತ್ತಿತ್ತು.

“ಇದನ್ನ ನನಗೆ ತೋರಿಸಬೇಡ ಕಣೋ, ನೀನು ನೋಡ್ಕೋ” ಎಂದು ವಾಪಸ್ ಕೊಟ್ಟರು. ಮತ್ತೆಂದೂ ಕೇಳಲಿಲ್ಲ. ನಾನೂ ಮತ್ತೆಂದೂ ಅಳಿಸಲಿಲ್ಲ.

ಈಗ ಮಕ್ಕಳ ಅಂಕ, ಹಾಜರಿ ಎಲ್ಲ ಮನೆಯವರ ಮೊಬೈಲಿಗೇ ಬರುತ್ತದೆ. ಒಳ್ಳೆಯದೇ. ಆದರೆ ಒಂದು ಮಗುವನ್ನು ಪಕ್ಕಕ್ಕೆ ಕರೆದು, ನಿನ್ನಲ್ಲಿ ಇದೊಂದು ಸರಿಯಿಲ್ಲ ಎಂದು ಪ್ರೀತಿಯಿಂದ ಹೇಳುವಷ್ಟು ಪುರುಸೊತ್ತು ಮೇಷ್ಟ್ರುಗಳಿಗೆ ಎಲ್ಲಿದೆ? ನಾನು ಇಂದು ನಲವತ್ತು ಜನರ ತಂಡ ನಡೆಸುತ್ತೇನೆ. “ಸರ್, ನೀವು ಪೂರ್ತಿ ಕೇಳ್ತೀರ” ಎಂದು ಅವರು ಹೇಳಿದಾಗ ಹೆಮ್ಮೆಯಾಗುತ್ತದೆ. ಮನೆಯಲ್ಲಿ, ದಣಿದಾಗ, ಈಗಲೂ ತಪ್ಪುತ್ತೇನೆ.

ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ಆ ಗೆಳೆಯ ಮೈಕ್ ಮುಂದೆ ನಿಂತ. ‘ಕೃತಜ್ಞತೆ’ ಎನ್ನುವಲ್ಲಿ ಮಾತು ಸಿಕ್ಕಿಕೊಂಡಿತು. ಆ ಪದ ನನ್ನ ತುಟಿಯವರೆಗೆ ಬಂದಿತ್ತು. ಕೈ ಕಟ್ಟಿ ಕೂತೆ. ಈ ಸಲ ಅವನ ಮುಖ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಹಿಡಿಯಿತು. ಅವನೇ ಹೇಳಿದ.