ಲ್ಯಾಮಿನ್ ಬಿ1 ಪ್ರಾಜೆಕ್ಟ್: ಉಬ್ಬು ನಿಜವೋ, ತಯಾರಿಯ ದೋಷವೋ?

ಲ್ಯಾಮಿನ್ ಬಿ1 ಎಂಬ ಪ್ರೋಟೀನ್ ಇಲ್ಲದ ಇಲಿ ಭ್ರೂಣದ ಕಾರ್ಟೆಕ್ಸ್‌ನಲ್ಲಿ (ಮಿದುಳಿನ ಹೊರಪದರದಲ್ಲಿ) ನರಕೋಶದ ನ್ಯೂಕ್ಲಿಯಸ್ ಆಕಾರ ಎಷ್ಟು ಕೆಡುತ್ತದೆ ಎಂದು ಅಳೆಯುವುದು ಈ ಪ್ರಾಜೆಕ್ಟಿನ ಗುರಿ. ಸ್ಟೇನಿಂಗ್ (ಬಣ್ಣ ಹಿಡಿಸುವುದು) ಈಗ ಹದಕ್ಕೆ ಬಂದಿದೆ. ಆದರೆ ಎಣಿಕೆಗೆ ಕೈಹಾಕುವ ಮುಂಚೆ, ಮೈಕ್ರೋಸ್ಕೋಪಿನಲ್ಲಿ ಕಂಡ ಉಬ್ಬು ಜೀವಂತ ಕೋಶದಲ್ಲೇ ಇದ್ದದ್ದೋ ಅಥವಾ ಫಿಕ್ಸಿಂಗ್ (ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿ ಗಟ್ಟಿಮಾಡುವುದು), ಕತ್ತರಿಸುವಿಕೆಗಳಿಂದ ಹುಟ್ಟಿದ್ದೋ ಎಂಬುದು ಖಚಿತವಾಗಬೇಕು. ಈ ಹಂತದ ಕೆಲಸವೆಲ್ಲ ಬಹುಪಾಲು ಅದೇ.

ಲ್ಯಾಮಿನ್‌ಗಳು ನ್ಯೂಕ್ಲಿಯಸ್‌ನ ಪೊರೆಗೆ ಒಳಗಿನಿಂದ ಅಂಟಿಕೊಂಡು ಬಲೆ ಹೆಣೆಯುವ ಪ್ರೋಟೀನ್‌ಗಳು. ಭ್ರೂಣದ ನರಕೋಶಗಳಲ್ಲಿ ಲ್ಯಾಮಿನ್ ಎ/ಸಿ ತೀರಾ ಕಡಿಮೆ. ಎ ಮಾದರಿಯನ್ನಂತೂ ಮಿರ್-9 ಎಂಬ ಮೈಕ್ರೋ ಆರ್‌ಎನ್‌ಎ ತಡೆಹಿಡಿಯುತ್ತದೆ. ಹೀಗಾಗಿ ಭಾರವೆಲ್ಲ ಬಿ1, ಬಿ2ಗಳ ಮೇಲೆ. ಹೊಸ ನರಕೋಶ ವೆಂಟ್ರಿಕಲ್ (ಮಿದುಳಿನೊಳಗಿನ ದ್ರವದ ಕುಹರ) ಬದಿಯಿಂದ, ರೇಡಿಯಲ್ ಗ್ಲಿಯಾ ಎಂಬ ಆಧಾರಕೋಶದ ನಾರು ಹಿಡಿದು ಮೇಲೇರುವಾಗ ಡೈನೀನ್ ಎಂಬ ಮೋಟರು ಪ್ರೋಟೀನ್ ಮೈಕ್ರೋಟ್ಯೂಬ್ಯೂಲ್‌ಗಳೆಂಬ ಕೊಳವೆ-ಹಳಿಗಳ ಗುಂಟ ನ್ಯೂಕ್ಲಿಯಸ್ಸನ್ನು ಮುಂದಕ್ಕೆಳೆಯುತ್ತದೆ. ಆ ಸೆಳೆತವನ್ನು ತಾಳಬೇಕಾದದ್ದು ಈ ಬಲೆಯೇ. ಬಿ1 ಇಲ್ಲದಿದ್ದರೆ ನ್ಯೂಕ್ಲಿಯಸ್‌ಗೆ ಒಂದೇ ಒಂದು ಗುಳ್ಳೆ (ಮೇಲೆ ಹೇಳಿದ ಉಬ್ಬು) ಬರುತ್ತದೆ, ಬಿ2 ಇಲ್ಲದಿದ್ದರೆ ನ್ಯೂಕ್ಲಿಯಸ್ ಉದ್ದಕ್ಕೆ ಎಳೆದಂತಾಗುತ್ತದೆ ಎಂಬುದು 2011ರಲ್ಲೇ ಪ್ರಕಟವಾಗಿದೆ. ಒಂದರ ಕೆಲಸವನ್ನು ಇನ್ನೊಂದು ಪೂರ್ತಿ ನಿಭಾಯಿಸಲಾರದು.

ಮಾದರಿ ಆರಿಸುವಾಗ ಇಡೀ ದೇಹದ ನಾಕ್‌ಔಟ್ (ಜೀನ್ ತೆಗೆದುಹಾಕಿದ ಇಲಿ) ಬಿಟ್ಟು, ಆಯ್ದ ಕೋಶಗಳಲ್ಲಷ್ಟೇ ಜೀನ್ ಕತ್ತರಿಸುವ ಇಎಂಎಕ್ಸ್1-ಕ್ರೀ ಬಳಸಿದ್ದಕ್ಕೆ ದೊಡ್ಡ ಲಾಭವಿದೆ. ಇದರಲ್ಲಿ ಜೀನ್ ಹೋಗುವುದು ಕಾರ್ಟೆಕ್ಸ್‌ನ ಮೂಲಕೋಶಗಳಲ್ಲಿ ಮತ್ತು ಅವುಗಳ ಸಂತತಿಯಲ್ಲಿ ಮಾತ್ರ. ರಕ್ತನಾಳದ ಎಂಡೋಥೀಲಿಯಲ್ ಕೋಶಗಳಲ್ಲೂ, ಭ್ರೂಣದ ಮಿದುಳಿನ ಕೆಳಭಾಗದ ಗ್ಯಾಂಗ್ಲಿಯಾನಿಕ್ ಎಮಿನೆನ್ಸ್‌ನಿಂದ ವಲಸೆ ಬರುವ ಇಂಟರ್‌ನ್ಯೂರಾನ್‌ಗಳಲ್ಲೂ ಲ್ಯಾಮಿನ್ ಬಿ1 ಉಳಿದಿರುತ್ತದೆ. ಅಂದರೆ ಪ್ರತಿ ಸೆಕ್ಷನ್ನಿನ (ಕತ್ತರಿಸಿದ ಹೋಳಿನ) ಒಳಗೇ ಕಂಟ್ರೋಲ್, ಅಂದರೆ ಹೋಲಿಕೆಗೆ ಸಹಜ ಕೋಶಗಳು, ಇದೆ. ರಕ್ತನಾಳದ ನ್ಯೂಕ್ಲಿಯಸ್‌ಗಳೂ ಸುಕ್ಕುಗಟ್ಟಿದ್ದರೆ ಆ ಸೆಕ್ಷನ್ ಎಣಿಕೆಗೆ ಬರುವುದಿಲ್ಲ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ಸರಿ. ಈ ಒಂದು ನಿಯಮವೇ ಉಳಿದೆಲ್ಲ ಎಚ್ಚರಿಕೆಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಿದೆ.

ಗರ್ಭದ 14.5ನೇ ದಿನದ ಮಿದುಳನ್ನು ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ಬುರುಡೆಯಿಂದ ಬಿಡಿಸಿ, ಫಿಕ್ಸ್ ಮಾಡುವ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ (ಪಿಎಚ್ 7.4) 4 ಡಿಗ್ರಿಯಲ್ಲಿ 4 ಗಂಟೆ ಇಡುತ್ತೇವೆ. ರಾತ್ರಿಯಿಡೀ ಬಿಟ್ಟರೆ ಆಂಟಿಬಾಡಿ ಹಿಡಿಯಬೇಕಾದ ಜಾಗಗಳು ಮುಚ್ಚಿಹೋಗಿ ಲ್ಯಾಮಿನ್ ಸಿಗ್ನಲ್ ಮಂಕಾಗುತ್ತದೆ. ಪಿಬಿಎಸ್ ತೆಳುವಾದರೆ ಫಿಕ್ಸ್ ಆಗುವ ಮೊದಲೇ ನ್ಯೂಕ್ಲಿಯಸ್ ಊದಿಕೊಳ್ಳುತ್ತದೆ. ಆಕಾರ ಅಳೆಯುವ ಕೆಲಸದಲ್ಲಿ ಇದು ಎಲ್ಲವನ್ನೂ ಹಾಳುಮಾಡುತ್ತದೆ.

ಕ್ರಯೋಸೆಕ್ಷನ್ (ಹೆಪ್ಪುಗಟ್ಟಿಸಿ ಕತ್ತರಿಸುವುದು) ಈಗ ಕೈಬಿಟ್ಟಿದ್ದೇವೆ. 30% ಸುಕ್ರೋಸ್‌ನಲ್ಲಿ ಅಂಗಾಂಶ ತಳಕ್ಕೆ ಮುಳುಗುವವರೆಗೆ ಕಾಯದೆ ಹೆಪ್ಪುಗಟ್ಟಿಸಿದರೆ ಹಿಮದ ಹರಳು ನ್ಯೂಕ್ಲಿಯಸ್ಸನ್ನು ಒತ್ತಿ ಒಂದು ಬದಿಯಲ್ಲಿ ಗುಳಿ ಮಾಡುತ್ತದೆ, ಎದುರು ಬದಿ ಉಬ್ಬಿದಂತೆ ತೋರುತ್ತದೆ. ಜೊತೆಗೆ, 14 ಮೈಕ್ರಾನ್ ಸೆಕ್ಷನ್ನಿನಲ್ಲಿ ಬಹಳಷ್ಟು ನ್ಯೂಕ್ಲಿಯಸ್‌ಗಳು ಅರ್ಧಕ್ಕೆ ತುಂಡಾಗಿರುತ್ತವೆ. ಈಗ 4% ಲೋ-ಮೆಲ್ಟ್ ಅಗರೋಸ್ ಎಂಬ ಜೆಲ್‌ನಲ್ಲಿ ಕೂರಿಸಿ, ಬ್ಲೇಡ್ ಕಂಪಿಸುತ್ತ ಕತ್ತರಿಸುವ ವೈಬ್ರಟೋಮ್‌ನಲ್ಲಿ 60 ಮೈಕ್ರಾನ್ ಕತ್ತರಿಸುತ್ತೇವೆ. ಮಿದುಳಿನ ಮೇಲ್ಮೈಯ ನೀರನ್ನು ಫಿಲ್ಟರ್ ಪೇಪರ್ ತುದಿಯಿಂದ ಹೀರಿಕೊಳ್ಳದಿದ್ದರೆ ಬ್ಲೇಡ್ ತಾಗಿದ ಕೂಡಲೇ ಮಿದುಳು ಅಗರೋಸ್‌ನಿಂದ ಜಾರಿ ಹೊರಬರುತ್ತದೆ. ದಪ್ಪ ಸೆಕ್ಷನ್ನಿಗೆ ಆಂಟಿಬಾಡಿ ಇಳಿಯಲು ಪೊರೆ ಸಡಿಲಿಸುವ 0.3% ಟ್ರೈಟಾನ್, ಆಂಟಿಬಾಡಿ ಬೇಡದ ಕಡೆ ಅಂಟದಂತೆ 5% ಮೇಕೆ ಸೀರಮ್, 4 ಡಿಗ್ರಿಯಲ್ಲಿ ಎರಡು ರಾತ್ರಿ. ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ 0.3 ಮೈಕ್ರಾನ್ ಹೆಜ್ಜೆಯ ಸ್ಟ್ಯಾಕ್ (ಆಳಕ್ಕೆ ಇಳಿಯುತ್ತ ತೆಗೆದ ಚಿತ್ರಗಳ ಸಾಲು) ತೆಗೆದು, ಮೇಲ್ತುದಿ ಕೆಳತುದಿ ಎರಡೂ ಅದರೊಳಗೆ ಸಿಕ್ಕ ನ್ಯೂಕ್ಲಿಯಸ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ.

ನಾಕ್‌ಔಟ್ ಕೋಶದಲ್ಲಿ ಬಿ1 ಆಂಟಿಬಾಡಿಗೆ ಏನೂ ಸಿಗುವುದಿಲ್ಲವಾದ್ದರಿಂದ ಅಂಚು ಗುರುತಿಸಲು ನ್ಯೂಕ್ಲಿಯಸ್ ಒಳಪೊರೆಯ ಇನ್ನೊಂದು ಪ್ರೋಟೀನ್ ಲ್ಯಾಪ್2-ಬೀಟಾ ಬೇಕು. ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ನಿಜವಾದ ಗುಳ್ಳೆ ನ್ಯೂಕ್ಲಿಯಸ್‌ಗೆ ಒಂದೇ, ಒಂದು ಬದಿಗೆ, ಮತ್ತು ಅದರೊಳಗೆ ಡಿಎನ್‌ಎ ತೋರಿಸುವ ಡ್ಯಾಪಿ ಬಣ್ಣ ಇರುತ್ತದೆ. ಫಿಕ್ಸಿಂಗ್ ಸುಕ್ಕು ಸುತ್ತಲೂ ಹಲವು ಕಡೆ ಏಳುತ್ತದೆ. ಮೋಸಹೋಗುವ ಇನ್ನೊಂದು ಜಾಗ ವೆಂಟ್ರಿಕಲ್ ಅಂಚು. ಅಲ್ಲಿ ಕೋಶಗಳು ವಿಭಜನೆಯಾಗುತ್ತಿರುತ್ತವೆ, ವಿಭಜನೆಯಲ್ಲಿ ಲ್ಯಾಮಿನ್ ಬಲೆ ತಾನಾಗಿಯೇ ಕರಗಿ ಸಿಗ್ನಲ್ ಕೋಶದ ತುಂಬ ಹರಡುತ್ತದೆ. ಅದನ್ನು ಜೀನ್ ಹೋದದ್ದೆಂದು ತಿಳಿಯದಿರಲು ವಿಭಜನೆಯ ಗುರುತಾದ ಫಾಸ್ಫೋ-ಹಿಸ್ಟೋನ್ ಎಚ್3 ಹಿಡಿದ ಕೋಶಗಳನ್ನೆಲ್ಲ ಹೊರಗಿಡುತ್ತೇವೆ.

ಮುಂದಿನ ಕೆಲಸ ವಲಸೆಯ ಅಳತೆ. 13.5ನೇ ದಿನ ತಾಯಿ ಇಲಿಗೆ ಕಿಲೋಗೆ 50 ಮಿಲಿಗ್ರಾಂ ಇಡಿಯು (ಆಗ ಡಿಎನ್‌ಎ ನಕಲು ಮಾಡುತ್ತಿರುವ ಕೋಶಗಳಿಗೆ ಗುರುತು ಹಾಕುವ ರಾಸಾಯನಿಕ) ಕೊಟ್ಟು, 16.5ನೇ ದಿನ ಗುರುತಾದ ಕೋಶಗಳು ಎಲ್ಲಿವೆ ಎಂದು ನೋಡುವುದು. ನಾಕ್‌ಔಟ್ ಕಾರ್ಟೆಕ್ಸ್ ತೆಳುವಾಗಿರುವುದರಿಂದ ಮೈಕ್ರಾನ್ ದೂರ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ವೆಂಟ್ರಿಕಲ್‌ನಿಂದ ಪಿಯಾವರೆಗಿನ (ಮಿದುಳಿನ ಹೊರಪೊರೆಯವರೆಗಿನ) ದಪ್ಪವನ್ನು 10 ಸಮಭಾಗ ಮಾಡಿ ಪ್ರತಿ ಭಾಗದ ಪಾಲನ್ನು ಲೆಕ್ಕ ಹಾಕುತ್ತೇವೆ. ಬಿ2 ನಾಕ್‌ಔಟ್ ಅದರ ನಂತರ. ವಲಸೆ ಹೋಗುವ ಆರೋಗ್ಯವಂತ ನರಕೋಶದ ನ್ಯೂಕ್ಲಿಯಸ್ಸೂ ಉದ್ದವಾಗಿಯೇ ಇರುತ್ತದೆ, ಆದ್ದರಿಂದ ಅಲ್ಲಿ ಒಂದೇ ತಾಯಿಯ ಕಂಟ್ರೋಲ್ ಮರಿಗಳ ಅದೇ ಪದರವನ್ನೇ ಪಕ್ಕಕ್ಕಿಟ್ಟು ಅಳೆಯಬೇಕು.