ಬಿಳಿ ಹೂವಿನ ಎಕ್ಕವೆಲ್ಲ ಒಂದೇ ಅಲ್ಲ

ಪಾವಗಡ, ಶಿರಾ, ಮಧುಗಿರಿ ಕಡೆಯ ಬೀಳು ಹೊಲಗಳಲ್ಲಿ, ಕೆರೆ ಏರಿಯ ಮೇಲೆ, ರಸ್ತೆ ಬದಿಯಲ್ಲಿ ಕಾಣುವ ಎಕ್ಕದಲ್ಲಿ ಬಹುಪಾಲು ಕ್ಯಾಲೊಟ್ರಾಪಿಸ್ ಜೈಗ್ಯಾಂಟಿಯ. ಇದರಲ್ಲಿ ನೇರಳೆ ಹೂವಿನದೂ ಉಂಟು, ಪೂಜೆಗೆಂದು ಹುಡುಕುವ ಅಚ್ಚ ಬಿಳಿ ಹೂವಿನದೂ ಉಂಟು. ಬಣ್ಣ ಎರಡಾದರೂ ಪ್ರಭೇದ ಒಂದೇ. ಇದರ ಹತ್ತಿರದ ನೆಂಟ ಕ್ಯಾಲೊಟ್ರಾಪಿಸ್ ಪ್ರೊಸೆರ. ಆಫ್ರಿಕಾದ ಒಣನೆಲದಿಂದ ಅರೇಬಿಯ ದಾಟಿ ರಾಜಸ್ಥಾನದ ಮರಳುಗಾಡಿನವರೆಗೆ ಹಬ್ಬಿರುವ ಈ ಗಿಡ ದಕ್ಷಿಣದ ಒಣ ಸೀಮೆಯಲ್ಲೂ ಅಲ್ಲಲ್ಲಿ ಸಿಗುತ್ತದೆ. ಅದರ ದಳವೂ ಬಿಳಿಯೇ, ತುದಿ ಮಾತ್ರ ಕಡುನೇರಳೆ. ದೂರದಿಂದ ನೋಡಿ ಬಿಳಿ ಎಕ್ಕ ಎಂದು ಬರೆದುಕೊಂಡರೆ ಎರಡೂ ಕಲಸಿಹೋಗುತ್ತವೆ.

ಬಣ್ಣ ಬಿಟ್ಟು ಮೊದಲು ದಳಗಳ ನಿಲುವು ನೋಡಿ. ಜೈಗ್ಯಾಂಟಿಯದಲ್ಲಿ ಐದೂ ದಳ ಅಗಲವಾಗಿ ಹರಡಿ ಹಿಂದಕ್ಕೆ ಬಾಗುತ್ತವೆ, ಕೆಲವೊಮ್ಮೆ ತಿರುಚಿಕೊಳ್ಳುತ್ತವೆ. ಪ್ರೊಸೆರದಲ್ಲಿ ದಳಗಳು ಬಟ್ಟಲಿನ ಅಂಚಿನ ಹಾಗೆ ಮೇಲಕ್ಕೆ ನಿಂತಿರುತ್ತವೆ, ಹೂವೂ ಚಿಕ್ಕದು. ಇಲ್ಲೇ ಹೆಚ್ಚಿನವರು ಎಡವುವುದು: ಜೈಗ್ಯಾಂಟಿಯದ ಹೂವು ಅರ್ಧ ಅರಳಿದಾಗ ಅದರ ದಳಗಳೂ ನೆಟ್ಟಗಿರುತ್ತವೆ. ಹಾಗಾಗಿ ಒಂದೇ ಹೂವು ನೋಡಿ ತೀರ್ಮಾನಿಸಬೇಡಿ. ಗೊಂಚಲಿನಲ್ಲಿ ಪೂರ್ತಿ ಅರಳಿದ ಮೂರು ನಾಲ್ಕು ಹೂಗಳನ್ನು ಪಕ್ಕದಿಂದ ನೋಡಿ.

ಅನುಮಾನ ಉಳಿದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ನಡುವಿನ ಕಿರೀಟ ನೋಡಿ, ಅಂದರೆ ದಳಗಳ ಒಳಗೆ ಹೂವಿನ ನಡುಗಂಬವನ್ನು ಸುತ್ತಿ ನಿಂತ ಐದು ಹಾಲೆಗಳ ಭಾಗ. ನನ್ನ ಪ್ರಕಾರ ಕೊನೆಯ ಮಾತು ಇದರದೇ. ಜೈಗ್ಯಾಂಟಿಯದಲ್ಲಿ ಕಿರೀಟದ ಐದು ಹಾಲೆಗಳು ನಡುಗಂಬಕ್ಕಿಂತ ಗಿಡ್ಡ. ಕಂಬದ ಐದು ಮೂಲೆಯ ಚಪ್ಪಟೆ ತಲೆ ಮೇಲೆದ್ದು ಕಾಣುತ್ತದೆ. ಪ್ರತಿ ಹಾಲೆಯ ತುದಿಗಿಂತ ಸ್ವಲ್ಪ ಕೆಳಗೆ ಅಕ್ಕಪಕ್ಕ ಎರಡು ಮೊಂಡು ಕಿವಿಗಳಿರುತ್ತವೆ. ಪ್ರೊಸೆರದಲ್ಲಿ ಹಾಲೆಗಳು ಕಂಬದಷ್ಟೇ ಎತ್ತರ ಅಥವಾ ಅದಕ್ಕಿಂತ ತುಸು ಎತ್ತರ, ಆ ಕಿವಿಗಳಿಲ್ಲ.

ಮೊಗ್ಗೂ ನೆರವಿಗೆ ಬರುತ್ತದೆ. ಪ್ರೊಸೆರದ್ದು ಗುಂಡಗೆ, ಜೈಗ್ಯಾಂಟಿಯದ್ದು ಮೊಟ್ಟೆಯಾಕಾರ. ಹಳದಿ ಹೇನು ಮುತ್ತಿದ ಗೊಂಚಲನ್ನು ಬಿಟ್ಟುಬಿಡಿ, ರಸ ಹೀರಿಸಿಕೊಂಡ ಎಳೆ ಮೊಗ್ಗು ಸೊಟ್ಟಗಾಗಿರುತ್ತದೆ. ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು: ಪ್ರೊಸೆರದ ಕಾಯಿ ಉಬ್ಬಿದ ಗುಂಡು ಕಾಯಿ, ಜೈಗ್ಯಾಂಟಿಯದ್ದು ದೋಣಿಯಂತೆ ಬಾಗಿದ್ದು. ಪ್ರೊಸೆರದ ಹೂವಿಗೆ ಸುವಾಸನೆ ಇದೆ, ಆದರೆ ಬಿಸಿಲೇರಿದ ಮೇಲೆ ಮೂಗನ್ನು ನೆಚ್ಚಬೇಡಿ. ಎಲೆಯಿಂದ ಏನೂ ಬಗೆಹರಿಯದು. ಎರಡರಲ್ಲೂ ಎಲೆ ದಪ್ಪ, ಬೂದಿ ಬಳಿದಂತೆ ಬಿಳಿಚು, ಅಳತೆಯೂ ಒಂದರೊಳಗೊಂದು ಸೇರಿಕೊಳ್ಳುತ್ತದೆ.

ಫೋಟೊ ತೆಗೆಯುವುದಾದರೆ ಹೂವಿನ ಪಕ್ಕನೋಟ, ಎದುರುನೋಟ, ಮೊಗ್ಗು, ಕಾಯಿ ನಾಲ್ಕೂ ಬೇಕು. ಪಕ್ಕದಲ್ಲಿ ಸ್ಕೇಲ್ ಇಡಿ. ಮೇಲಿನಿಂದ ಮಾತ್ರ ತೆಗೆದ ಚಿತ್ರದಲ್ಲಿ ದಳದ ನಿಲುವೂ ಕಿರೀಟದ ಎತ್ತರವೂ ತಿಳಿಯುವುದಿಲ್ಲ.

ಹೂವು ಕೀಳುವಾಗ ಕೈಗವಸು ಹಾಕಿ. ಹಾಲು ತಾಗಿದ ಕೈಯಲ್ಲಿ ಕಣ್ಣುಜ್ಜಿದರೆ ನೋವೇ ಇಲ್ಲದೆ ದೃಷ್ಟಿ ಮಂಜಾಗಬಹುದು, ನೋವಿಲ್ಲವೆಂದೇ ಜನ ತಡ ಮಾಡುತ್ತಾರೆ. ಕೂಡಲೇ ಶುದ್ಧ ನೀರಿನಿಂದ 15–20 ನಿಮಿಷ ತೊಳೆದು ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.