ಶೆಟ್ಟರ ಹೋಟೆಲಿನ ಥರ್ಮೋಸ್ಟ್ಯಾಟ್

ಏಪ್ರಿಲ್ ಕೊನೆಯ ವಾರ. ಪುಣೆಯ ಸಾತಾರಾ ರಸ್ತೆಯಲ್ಲಿ ಉಡುಪಿ ಕಡೆಯ ಶೆಟ್ಟರೊಬ್ಬರ ಹೋಟೆಲಿಗೆ ಹೋಗಿದ್ದೆ. ಹೊರಗೆ 40 ಡಿಗ್ರಿ ಬಿಸಿಲು. ಮಹಡಿಯ ಎಸಿ ಹಾಲಿನಲ್ಲಿ ಅಜ್ಜಿಯೊಬ್ಬರು ಕಿವಿ ಮುಚ್ಚುವಂತೆ ಸೆರಗು ಹೊದ್ದು ಇಡ್ಲಿ ತಿನ್ನುತ್ತಿದ್ದರು. ಶೆಟ್ಟರು ನನ್ನನ್ನು ಗಲ್ಲಾದ ಹತ್ತಿರ ಕರೆದರು.

"ಎಂತ ಮಾರಾಯ್ರೆ ಇದು? ಮೂರು ಸಲ ಗ್ಯಾಸ್ ಹಾಕಿಸಿ ಆಯ್ತು. ಒಳಗೆ ಕೂತವರು ಚಳಿ ಚಳಿ ಅಂತಾರೆ, ಕರೆಂಟ್ ಬಿಲ್ ನೋಡಿದ್ರೆ ನನಗೆ ಬೆವರು ಬರ್ತದೆ."

ನಾನು ಗದಗ ಕಡೆಯವ. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು, ಅಂದಿನಿಂದಲೂ ಎಸಿ ಸರ್ವಿಸ್ ಕೆಲಸವೇ. ಹಾಲ್, ಕ್ಲಿನಿಕ್, ಬ್ಯಾಂಕಿನ ಶಾಖೆಗಳಲ್ಲಿರುವ ಡಕ್ಟೇಬಲ್, ಅಂದರೆ ದೊಡ್ಡ ಕೊಳವೆಗಳಲ್ಲಿ ತಂಪು ಗಾಳಿ ಹಂಚುವ ಮಷಿನ್‌ಗಳನ್ನು ನೋಡಿಕೊಳ್ಳುತ್ತೇನೆ. ಶೆಟ್ಟರ ಕನ್ನಡ ಬೇರೆ, ನನ್ನದು ಬೇರೆ. ಆದರೂ ದಿನವಿಡೀ ಹಿಂದಿ, ಮರಾಠಿಯಲ್ಲಿ ಮಾತಾಡಿದ ಮೇಲೆ "ಮಾರಾಯ್ರೆ" ಅಂತ ಕೇಳಿದರೆ ಒಂದು ನಮೂನಿ ಹಗುರಾಗುತ್ತದೆ.

ಔಟ್‌ಡೋರ್ ಯೂನಿಟ್ ನೋಡಿದೆ, ಗ್ಯಾಸ್ ಪ್ರೆಶರ್ ಸರಿಯಿತ್ತು. ಫಿಲ್ಟರ್ ಸ್ವಚ್ಛವಿತ್ತು. ಅಜ್ಜಿ ಕೂತಿದ್ದ ಟೇಬಲ್ ಮೇಲೆ ನನ್ನ ಥರ್ಮಾಮೀಟರ್ ಇಟ್ಟೆ: 20. ಗಾಳಿಯ ಬಿಸಿ ನೋಡಿ ಮಷಿನ್ ಓಡಿಸುವ, ನಿಲ್ಲಿಸುವ ಗೋಡೆಯ ಮೇಲಿನ ಡಬ್ಬಿ, ಅಂದರೆ ಥರ್ಮೋಸ್ಟ್ಯಾಟ್ ನೋಡಿದೆ: 28. ಒಂದೇ ಹಾಲು, ನಡುವೆ ಇಪ್ಪತ್ತು ಹೆಜ್ಜೆ, ಎಂಟು ಡಿಗ್ರಿ ವ್ಯತ್ಯಾಸ.

ಆ ಡಬ್ಬಿ ಅಡುಗೆಮನೆಗೆ ಹೋಗುವ ಬಾಗಿಲ ಪಕ್ಕದಲ್ಲೇ ಇತ್ತು. ಹತ್ತು ನಿಮಿಷ ಅಲ್ಲೇ ನಿಂತೆ. ಹುಡುಗರು ತಟ್ಟೆ ಹಿಡಿದು ಓಡಾಡಿದಾಗಲೆಲ್ಲ ಬಾಗಿಲು ಬೀಸಿ, ಕಾವಲಿಯ ಝಳ ಬಂದು ಡಬ್ಬಿಯ ಮುಖಕ್ಕೇ ಬಡಿಯುತ್ತಿತ್ತು. ಥರ್ಮೋಸ್ಟ್ಯಾಟ್‌ಗೆ ಹಾಲಿನ ಸುದ್ದಿ ಗೊತ್ತಿಲ್ಲ, ತಾನು ನೇತಾಡುವ ಗೇಣು ಜಾಗದ ಗಾಳಿಯಷ್ಟೇ ಅದಕ್ಕೆ ಗೊತ್ತು. ಅಲ್ಲಿ 28 ಇದ್ದರೆ "ಇನ್ನೂ ತಂಪು ಮಾಡು" ಅಂತ ಮಷಿನ್‌ಗೆ ಹೇಳುತ್ತಲೇ ಇರುತ್ತದೆ. ಬೆಳಗ್ಗೆ ಹೋಟೆಲ್ ತೆರೆದಾಗಿನಿಂದ ರಾತ್ರಿ ಬಾಗಿಲು ಹಾಕುವವರೆಗೆ ಕಂಪ್ರೆಸರ್ ಒಮ್ಮೆಯೂ ನಿಂತಿರಲಿಕ್ಕಿಲ್ಲ.

"ಶೆಟ್ರ, ಮಷಿನ್ ಚಲೋ ಐತ್ರಿ. ಈ ಡಬ್ಬಿ ಜಾಗಾ ತಪ್ಪೇತ್ರಿ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವರ ತಪ್ಪಲ್ಲ. ಮೂರು ಸಲ ಬಂದವರು ಗ್ಯಾಸಿನ ದುಡ್ಡು ಇಸಿದುಕೊಂಡು ಹೋಗಿದ್ದರು, ಒಬ್ಬರೂ ಗೋಡೆಯ ಕಡೆ ತಿರುಗಿ ನೋಡಿರಲಿಲ್ಲ. ಇದನ್ನು ಬರೆಯಲು ಕೂತದ್ದೂ ಅದಕ್ಕೇ. ಈಗ ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಲ್ಲೂ ಕಲ್ಯಾಣ ಮಂಟಪ, ಆಸ್ಪತ್ರೆ, ಅಂಗಡಿಗಳಿಗೆ ದೊಡ್ಡ ಎಸಿ ಹಾಕಿಸುತ್ತಿದ್ದಾರೆ. ಎಷ್ಟು ಟನ್ ಅಂತ ಎಲ್ಲರೂ ಕೇಳುತ್ತಾರೆ. ಥರ್ಮೋಸ್ಟ್ಯಾಟ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಪೇಂಟ್ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ತನಗೆ ವೈರ್ ಎಳೆಯಲು ಸುಲಭವಾದ ಕಡೆ ಒಂದು ಸ್ಕ್ರೂ ಹೊಡೆದು ಹೋಗುತ್ತಾನೆ.

ಜಾಗ ಹೇಗೆ ಹುಡುಕಬೇಕು ಹೇಳುತ್ತೇನೆ. ನೆಲದಿಂದ ಸುಮಾರು ಐದು ಅಡಿ ಎತ್ತರ, ಒಳಗೋಡೆ. ಹೊರಗೋಡೆ ಬೇಡ, ಅದರಲ್ಲೂ ಪಡುವಣ ಗೋಡೆ ಬೇಡವೇ ಬೇಡ. ಇಡೀ ಮಧ್ಯಾಹ್ನ ಕಾದ ಇಟ್ಟಿಗೆ ರಾತ್ರಿ ಊಟದ ಹೊತ್ತಿನವರೆಗೂ ಬಿಸಿ ಉಗುಳುತ್ತದೆ. ತಂಪು ಗಾಳಿ ಬರುವ ಗ್ರಿಲ್ ಎದುರಿಗೂ ಬೇಡ. ಅಲ್ಲಿಟ್ಟರೆ ಉಲ್ಟಾ ತಪ್ಪು: ಹಾಲು ಕಾಯುತ್ತಿರುತ್ತದೆ, ಡಬ್ಬಿಗೆ ಮಾತ್ರ ಚಳಿ ಹತ್ತಿ ಮಷಿನ್ ಬಂದ್ ಆಗುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ಬಂದ್. ಹೀಗೆ ಪದೇ ಪದೇ ಎದ್ದು ಕೂತರೆ ಕಂಪ್ರೆಸರ್‌ನ ಆಯುಸ್ಸು ಕಡಿಮೆ. ಅದಕ್ಕೇ ಒಮ್ಮೆ ನಿಂತ ಮೇಲೆ ಮತ್ತೆ ಶುರುವಾಗಲು ಮೂರರಿಂದ ಐದು ನಿಮಿಷದ ತಡೆ ಇಟ್ಟಿರುತ್ತಾರೆ. ಟಿವಿ, ಫ್ರಿಜ್, ಕಾಫಿ ಮಷಿನ್, ದೀಪ ಇವುಗಳ ನೆತ್ತಿಯ ಮೇಲೂ ಹಾಕಬಾರದು. ಜನ ಕೂರುವ ಜಾಗದ ಗಾಳಿ ರಿಟರ್ನ್ ಗ್ರಿಲ್ ಕಡೆ ವಾಪಸ್ ಹೋಗುವ ದಾರಿಯಲ್ಲಿ ಒಳಗೋಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಶೆಟ್ಟರ ಹಾಲಿನಲ್ಲಿ ಅಂಥ ಗೋಡೆ ಇತ್ತು. ತಪಕೀರ ಗಲ್ಲಿಗೆ ಹೋಗಿ ವೈರ್ ತಂದು, ಮಾರನೆಯ ದಿನ ಡಬ್ಬಿ ಎತ್ತಿ ಅಲ್ಲಿ ಕೂರಿಸಿದೆ. 24ಕ್ಕೆ ಸೆಟ್ ಮಾಡಿದೆ. ಆದರೆ ಟೇಬಲ್ ಮೇಲೆ ಇನ್ನೂ 22 ತೋರಿಸುತ್ತಿತ್ತು, ಡಬ್ಬಿಯಲ್ಲಿ 25. ಕೂತು ಯೋಚಿಸಿದೆ. ಆಮೇಲೆ ಗಲ್ಲಾದ ಗಣಪತಿ ಫೋಟೊ ಮುಂದೆ ಉರಿಯುತ್ತಿದ್ದ ಊದಿನಕಡ್ಡಿ ಒಂದನ್ನು ಶೆಟ್ಟರ ಅನುಮತಿ ಕೇಳಿ ತಂದೆ. ಡಬ್ಬಿಯ ಮುಚ್ಚಳ ತೆಗೆದು, ಹಿಂದಿನ ವೈರ್ ತೂತಿನ ಹತ್ತಿರ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ತೂತಿನ ಎದುರು ಬರುತ್ತಲೇ ನನ್ನ ಕಡೆ ಬಾಗಿತು. ಗೋಡೆಯೊಳಗಿನಿಂದ ಗಾಳಿ ಬರುತ್ತಿತ್ತು! ವೈರ್ ಬಂದ ಪೈಪಿನ ಇನ್ನೊಂದು ಬಾಯಿ ಫಾಲ್ಸ್ ಸೀಲಿಂಗ್ ಮೇಲೆ ತೆರೆದಿತ್ತು. ಸ್ಲ್ಯಾಬ್ ಕೆಳಗೆ ಕಾದ ಗಾಳಿ ಆ ಪೈಪಿನಲ್ಲಿ ಇಳಿದು ನೇರವಾಗಿ ಸೆನ್ಸರ್ ಬೆನ್ನಿಗೆ ತಾಗುತ್ತಿತ್ತು. ಸ್ವಲ್ಪ ಪುಟ್ಟಿ ಕಲೆಸಿ ತೂತು ಮುಚ್ಚಿದೆ, ಮೇಲಿನ ಬಾಯಿಯನ್ನೂ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಎರಡೂ ಕಡೆ 24. ಕಂಪ್ರೆಸರ್ ಟಪ್ ಅಂತ ನಿಂತಿತು. ಶೆಟ್ಟರು ಗಾಬರಿಯಾಗಿ "ಹಾಳಾಯ್ತಾ?" ಅಂದರು. ಅದು ನಿಂತದ್ದನ್ನು ಅವರು ಕೇಳಿದ್ದೇ ಮೊದಲು.

ಈಗ ವೈರಿನ ಮಾತು. ಈ ಮಷಿನ್‌ನ ಕಂಟ್ರೋಲ್ 24 ವೋಲ್ಟಿನದು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸಾಮಾನ್ಯವಾಗಿ 40 ವಿಎ (ವೋಲ್ಟ್ ಗುಣಿಸು ಆಂಪ್). ಅಂದರೆ ಸುಮಾರು 1.7 ಆಂಪ್ ಕೊಡುವ ತಾಕತ್ತು, ಅಷ್ಟೇ. ಥರ್ಮೋಸ್ಟ್ಯಾಟ್ ಬರೇ ಒಂದು ಸ್ವಿಚ್ಚು: ಆರ್ ತಂತಿಯಲ್ಲಿ ಬಂದ ಕರೆಂಟನ್ನು ತಂಪು ಬೇಕಾದರೆ ವೈ ತಂತಿಗೆ, ಫ್ಯಾನ್ ಬೇಕಾದರೆ ಜಿ ತಂತಿಗೆ, ಬಿಸಿ ಬೇಕಾದರೆ ಡಬ್ಲ್ಯೂ ತಂತಿಗೆ ಕೊಡುತ್ತದೆ. ಅದು ಹೋಗಿ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಕಂಪ್ರೆಸರ್ ಓಡಿಸುತ್ತದೆ. ಹಾಗಾಗಿಯೇ 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಇಂಥ ಮಷಿನ್‌ಗಳಲ್ಲಿ ಸುಳ್ಳು. ತಂಪಾಗುವ ವೇಗ ಅಷ್ಟೇ ಇರುತ್ತದೆ, ನಿಲ್ಲುವುದು ಮಾತ್ರ ತಡ.

ಕಾಂಟ್ಯಾಕ್ಟರ್ ಹಿಡಿದಿಡಲು ಬೇಕಾಗುವುದಕ್ಕಿಂತ ಅದನ್ನು ಎಳೆಯುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟ್ ಬೇಕು. ವೈರ್ ಸಣ್ಣದಿದ್ದರೆ ಇಲ್ಲಿ ತೊಂದರೆ. ಅರ್ಧ ಚದರ ಎಂಎಂ ವೈರನ್ನು 40 ಮೀಟರ್ ಎಳೆದರೆ ಹೋಗಿ ಬರುವ ದಾರಿ 80 ಮೀಟರ್, ಹೆಚ್ಚುಕಡಿಮೆ 3 ಓಮ್. ಎಳೆಯುವಾಗ 2 ಆಂಪ್ ಹರಿದರೆ 24ರಲ್ಲಿ 6 ವೋಲ್ಟ್ ದಾರಿಯಲ್ಲೇ ಹೋಯಿತು. ಕಾಂಟ್ಯಾಕ್ಟರ್ ಟಕಟಕ ಅಂತ ಬಡಿದುಕೊಳ್ಳುತ್ತದೆ, ಪಾಯಿಂಟ್ ಸುಟ್ಟುಕೊಳ್ಳುತ್ತದೆ. ಜನ ಕಾಂಟ್ಯಾಕ್ಟರ್ ಬದಲಿಸುತ್ತಾರೆ, ಎರಡು ತಿಂಗಳಿಗೆ ಅದೂ ಸುಟ್ಟು ಹೋಗುತ್ತದೆ. 1 ಚದರ ಎಂಎಂ ತಾಮ್ರದ ವೈರ್ ಹಾಕಿದರೆ ಆ ನಷ್ಟ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ತಪ್ಪು ದಿನಾ ನೋಡುತ್ತೇನೆ: ಈ ವೈರನ್ನು 230 ವೋಲ್ಟಿನ ಲೈಟ್ ವೈರ್ ಜೊತೆ ಒಂದೇ ಪೈಪಿನಲ್ಲಿ ತುರುಕುವುದು. ಎಲ್ಲಾದರೂ ಸಿಪ್ಪೆ ಸುಲಿದು ಒಂದಕ್ಕೊಂದು ತಾಗಿದರೆ ನೀವು ಬೆರಳಿಟ್ಟು ಒತ್ತುವ ಡಬ್ಬಿಗೆ 230 ಬರುತ್ತದೆ. ತಾಗದಿದ್ದರೂ ಪಕ್ಕದ ತಂತಿಯ ಪ್ರಭಾವದಿಂದ ಸೆನ್ಸರ್ ವೈರಿನಲ್ಲಿ ಇಲ್ಲದ ಸಿಗ್ನಲ್ ಹುಟ್ಟಿ ಡಬ್ಬಿ ಹುಚ್ಚುಹುಚ್ಚಾಗಿ ತೋರಿಸುತ್ತದೆ. ಬೇರೆ ಪೈಪ್ ಬೇಕೇ ಬೇಕು.

ನಮ್ಮ ಹುಡುಗರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಜೇಬಿನಲ್ಲಿರುವ ಲೈನ್ ಟೆಸ್ಟರ್ 24 ವೋಲ್ಟಿಗೆ ಉರಿಯುವುದಿಲ್ಲ. ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ತಿಳಿಯಬೇಡಿ. ನಾನು ಪುಣೆಗೆ ಬಂದ ಮೊದಲ ಬೇಸಿಗೆಯಲ್ಲಿ ಹಾಗೇ ತಿಳಿದಿದ್ದೆ. ಎಂಸಿಬಿ (ಕರೆಂಟ್ ಕಡಿಯುವ ಬೋರ್ಡಿನ ಸ್ವಿಚ್ಚು) ಇಳಿಸದೆ ಕ್ಲಿನಿಕ್ ಒಂದರಲ್ಲಿ ಡಬ್ಬಿ ಬಿಚ್ಚಿದೆ. ಆರ್ ತಂತಿ ಜಾರಿ, ಕರೆಂಟ್ ವಾಪಸ್ ಹೋಗುವ ಸಿ ತಂತಿಗೆ ತಾಗಿತು, ಚಿಟ್ ಅಂತ ಕಿಡಿ. ಬೋರ್ಡಿನಲ್ಲಿ ಫ್ಯೂಸ್ ಇರಲಿಲ್ಲ, ಯಾರೋ ತಂತಿ ಸುತ್ತಿಟ್ಟಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂತು. ಒಳಗೆ ಹತ್ತು ದಿನದ ಕೂಸಿನ ಬಾಣಂತಿ ಇದ್ದಳು, ಮೇ ತಿಂಗಳು. ಹೊಸದು ಸಿಕ್ಕಿ ಹಾಕುವ ತನಕ ಮೂರು ತಾಸು ಆಕೆಯ ತಾಯಿ ರಟ್ಟಿನಿಂದ ಗಾಳಿ ಹಾಕುತ್ತ ಕೂತಿದ್ದನ್ನು ನೋಡಿದ್ದೇನೆ. ಅವತ್ತಿನಿಂದ ಮಲ್ಟಿಮೀಟರ್ ಇಲ್ಲದೆ, ಎಂಸಿಬಿ ಇಳಿಸದೆ ಒಂದು ಸ್ಕ್ರೂ ಮುಟ್ಟಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ 24 ವೋಲ್ಟ್ ಹೊರಬರುವ ಕಡೆ 3 ಆಂಪಿನ ಫ್ಯೂಸ್ ಇಲ್ಲದಿದ್ದರೆ ಮೊದಲು ಅದನ್ನು ಹಾಕುತ್ತೇನೆ.

ಉಲ್ಟಾ ಅಪಾಯವೂ ಇದೆ. ದೊಡ್ಡ ಲಾಡ್ಜ್‌ಗಳಲ್ಲಿ ತಂಪು ನೀರಿನ ಎಸಿಗೆ ಹಾಕಿರುವ ಥರ್ಮೋಸ್ಟ್ಯಾಟ್ ನೋಡಲು ಹೀಗೇ ಇರುತ್ತದೆ, ಆದರೆ ನಮ್ಮಲ್ಲಿ ಅವು ಬಹುಪಾಲು 230 ವೋಲ್ಟಿನವು. ಮುಖ ನೋಡಿ ನಂಬಬಾರದು, ಅಳೆದು ನೋಡಬೇಕು.

ಅಮೆರಿಕದಲ್ಲಿ ಮನೆಮನೆಗೂ ಈ 24 ವೋಲ್ಟಿನದ್ದೇ ರಿವಾಜು. ಅಲ್ಲಿರುವ ನಮ್ಮ ಅಕ್ಕನ ಮಗ ಜನವರಿಯಲ್ಲಿ ರಾತ್ರಿ ವಿಡಿಯೊ ಕಾಲ್ ಮಾಡಿದ್ದ. "ಮಾಮಾ, ವೈಫೈ ಥರ್ಮೋಸ್ಟ್ಯಾಟ್ ತಂದೀನಿ, ಚಾಲೂನ ಆಗವಲ್ದು. ಹೊರಗ ಹಿಮಾ ಬೀಳಾಕತ್ತೇತಿ." ಗೋಡೆ ತೋರಿಸಿದ. ಕೆಂಪು, ಬಿಳಿ, ಹಳದಿ, ಹಸಿರು, ನಾಲ್ಕೇ ತಂತಿ. ಹಳೆಯ ಡಬ್ಬಿಗೆ ಅಷ್ಟು ಸಾಕಿತ್ತು, ಅದು ಬರೇ ಸ್ವಿಚ್ಚು. ವೈಫೈ ಇರುವುದಕ್ಕೆ ತಾನೇ ಬದುಕಲು ಸದಾ ಕರೆಂಟ್ ಬೇಕು, ಅದಕ್ಕೆ ಐದನೆಯ ಸಿ ತಂತಿ ಬೇಕು. "ಎಂಸಿಬಿ ಇಳಸು. ಕೇಬಲ್ ಸ್ವಲ್ಪ ಹೊರಗ ಜಗ್ಗು, ಹಿಂದ ಮಡಚಿ ಇಟ್ಟಿರತಾರ" ಅಂದೆ. ಜಗ್ಗಿದ. ಕೇಬಲ್ಲಿಗೇ ಸುತ್ತಿಕೊಂಡು ಯಾರೂ ಮುಟ್ಟದ ನೀಲಿ ತಂತಿಯೊಂದು ಮಲಗಿತ್ತು. ಹೀಟರ್ ಬೋರ್ಡಿನ ಕಡೆಯೂ ಅದರ ತುದಿ ಹಾಗೇ ಇತ್ತು. ಎರಡೂ ಕಡೆ ಸಿಗೆ ಜೋಡಿಸಿದ. ಡಬ್ಬಿಯ ಬೆಳಕು ಅವನ ಮುಖದ ಮೇಲೆ ಬಿತ್ತು. ಅಕ್ಕನಿಗೆ ಆ ರಾತ್ರಿಯೇ ಫೋನ್ ಮಾಡಿ ಹೇಳಿದೆ, ಮಗ ಬೆಚ್ಚಗಿದ್ದಾನೆ ಅಂತ.

ಊರಲ್ಲಿ ಮನೆಗೆ ಸ್ಪ್ಲಿಟ್ ಎಸಿ ಹಾಕಿಸುವವರಿಗೆ ಗೋಡೆಯ ಡಬ್ಬಿಯ ತಾಪತ್ರಯ ಇಲ್ಲ, ಸೆನ್ಸರ್ ಇಂಡೋರ್ ಯೂನಿಟ್ಟಿನ ಒಳಗೇ ಇರುತ್ತದೆ, ಗಾಳಿ ಎಳೆದುಕೊಳ್ಳುವ ಕಡೆ. ಹಾಗಾಗಿ ಅಂದಕ್ಕೆ ಅಂತ ಅದರ ಸುತ್ತ ಪಿಒಪಿ ಡಬ್ಬ ಕಟ್ಟಿಸಬೇಡಿ. ತಾನು ಬಿಟ್ಟ ತಂಪು ಗಾಳಿಯನ್ನೇ ತಿರುಗಿ ಎಳೆದುಕೊಂಡು ರೂಮು ತಂಪಾಯಿತು ಅಂತ ತಿಳಿದುಬಿಡುತ್ತದೆ. ಕೆಲವು ಕಂಪನಿಗಳ ರಿಮೋಟಿನಲ್ಲೇ ಸೆನ್ಸರ್ ಇರುತ್ತದೆ. ಆ ಬಟನ್ ಒತ್ತಿದ್ದರೆ ರಿಮೋಟನ್ನು ದಿಂಬಿನ ಕೆಳಗೆ ಇಡಬೇಡಿ, ನೀವು ಮಲಗುವ ಮಂಚದ ಪಕ್ಕ ಬಯಲಿಗಿಡಿ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು ಶುರುವಾದಾಗ 24ಕ್ಕೇ ಸೆಟ್ ಆಗಿರಬೇಕು ಅಂತ ಕೇಂದ್ರ ಸರ್ಕಾರದ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ಆದರೆ ಆ 24 ಎಲ್ಲಿಯ 24 ಅನ್ನುವುದನ್ನು ಸೆನ್ಸರ್ ಜಾಗವೇ ತೀರ್ಮಾನಿಸುತ್ತದೆ.

ಪುಣೆಯ ಚಳಿಗಾಲಕ್ಕೆ ಬಿಸಿಯೂ ಕೊಡುವ ಎಸಿ ತಗೊಂಡವರು ಕೆಲವರಿದ್ದಾರೆ. ಬಿಸಿಗಾಳಿ ಮೇಲೇರುತ್ತದೆ, ಸೆನ್ಸರ್ ಸೂರಿನ ಹತ್ತಿರ. ಅದಕ್ಕೆ ಬೇಗ ಬೆಚ್ಚಗಾಗುತ್ತದೆ, ನೆಲದ ಮೇಲೆ ಆಡುವ ಮಗುವಿನ ಕಾಲು ತಣ್ಣಗೇ ಇರುತ್ತದೆ. ಅಂಥವರು ಎರಡು ಡಿಗ್ರಿ ಹೆಚ್ಚಿಗೆ ಇಟ್ಟುಕೊಂಡರೆ ಸರಿಹೋಗುತ್ತದೆ.

ಗದಗದಲ್ಲಿ ಅಣ್ಣ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಿಸುತ್ತಿದ್ದಾನೆ. ಅಂಗಡಿಗೆ ಮುಂದೆಂದಾದರೂ ಡಕ್ಟೇಬಲ್ ಬೇಕಾದೀತು, ಒಳಗೋಡೆಯಲ್ಲಿ ಐದಡಿ ಎತ್ತರಕ್ಕೆ ಬೇರೆಯೇ ಒಂದು ಪೈಪ್ ಬಿಟ್ಟಿರು ಅಂತ ದೀಪಾವಳಿಗೆ ಹೋದಾಗ ಪೆನ್ಸಿಲ್ಲಿನಿಂದ ಗುರುತು ಹಾಕಿ ಬಂದಿದ್ದೆ. ನಿನ್ನೆ ಫೋಟೊ ಕಳಿಸಿದ್ದಾನೆ. ಪೈಪ್ ಬೇರೆಯೇ ಇದೆ, ಎತ್ತರವೂ ಸರಿಯಿದೆ. ಆದರೆ ಗವಂಡಿ ಅದನ್ನು ಆಚೆ ಗೋಡೆಯಲ್ಲಿ, ಪಡುವಣದ ಗಾಜಿನ ಬಾಗಿಲ ಪಕ್ಕಕ್ಕೆ ಕೂರಿಸಿದ್ದಾನೆ. ಗಿಲಾವು ಇನ್ನೂ ಆಗಿಲ್ಲ. ಬೆಳಗ್ಗೆ ಕೆಲಸ ಶುರುವಾಗುವುದರೊಳಗೆ ಅಣ್ಣನಿಗೆ ಫೋನ್ ಮಾಡುತ್ತೇನೆ.